ಬಳಚಿನ ಮೇಲೆ ಮುಸುಕಿನ ಗುದ್ದು

ಶಿರಸಿಯಲ್ಲಿ ಅಡಿಕೆ ಟೆಂಡರ್ ನೋಡಿದವರಿಗೆ ಗುಟ್ಟಿನ ವ್ಯವಹಾರ ಹೊಸದಲ್ಲ. ವ್ಯಾಪಾರಿ ಬರುತ್ತಾನೆ, ಚಾಲಿ ಅಡಿಕೆಯನ್ನು ಕೈಯಲ್ಲಿ ಆಡಿಸುತ್ತಾನೆ, ಒಂದನ್ನು ಒಡೆದು ನೋಡುತ್ತಾನೆ, ಯಾರಿಗೂ ಹೇಳದೆ ದರ ಹಾಕಿ ಹೋಗುತ್ತಾನೆ. ಆದರೆ ಅದೇ ದಿನ ಟೆಂಡರ್ ತೆರೆಯುತ್ತಾರೆ. ಯಾರ ಮಾಲು ಎಷ್ಟಕ್ಕೆ ಹೋಯಿತು ಅಂತ ಎಲ್ಲರಿಗೂ ಗೊತ್ತಾಗುತ್ತದೆ.

ಸಂಶೋಧನಾ ಪತ್ರಿಕೆಗಳಲ್ಲೂ ಇಂಥದ್ದೇ ಟೆಂಡರ್ ಇದೆ. ಹೆಸರು ಪಿಯರ್ ರಿವ್ಯೂ: ಪ್ರಬಂಧ ಅಚ್ಚಾಗುವ ಮೊದಲು ಅದೇ ವಿಷಯ ಬಲ್ಲ ಬೇರೆಯವರು ಓದಿ, ಅದರ ಬೆಲೆ ಕಟ್ಟುವುದು. ತೆರೆಯಲು ತಿಂಗಳುಗಟ್ಟಲೆ ಬೇಕು. ದರ ಹಾಕಿದವರು ಯಾರೆಂಬುದು ಬಹುತೇಕ ಕಡೆ ಕೊನೆಗೂ ಗುಟ್ಟು. ಅವರಿಗೆ ಸಾಮಾನ್ಯವಾಗಿ ಕೂಲಿ ಇಲ್ಲ, ಬರೆದವರಿಗೂ ಇಲ್ಲ. ಎಲ್ಲರೂ ಪುಕ್ಕಟೆ ಓದಲಿ ಅಂದರೆ ಎಷ್ಟೋ ಕಡೆ ಬರೆದವರೇ ದುಡ್ಡು ಕಟ್ಟಬೇಕು. ಅಡಿಕೆಯನ್ನೂ ಕೊಟ್ಟು, ಮೇಲೆ ದುಡ್ಡನ್ನೂ ಎಣಿಸಿ ಮನೆಗೆ ಬಂದ ಹಾಗೆ.

ಅಕ್ಕನ ಮಗಳು ಅಘನಾಶಿನಿ ಅಳಿವೆಯ ಬಳಚಿನ, ಅಂದರೆ ಅಲ್ಲಿನ ಕಪ್ಪೆಚಿಪ್ಪಿನ, ಮೇಲೆ ಪ್ರಬಂಧ ಬರೆದಳು. ಇಳಿತದ ಹೊತ್ತಿಗೆ ಸೊಂಟಮಟ್ಟ ನೀರಿಗಿಳಿದು ಹೆಕ್ಕಿ, ಅಳೆದು, ತೂಗಿದ ಲೆಕ್ಕ. ಡಬಲ್ ಬ್ಲೈಂಡ್, ಅಂದರೆ ಬರೆದವರು ಯಾರು, ರಿವ್ಯೂ ಮಾಡುವವರು ಯಾರು ಅಂತ ಒಬ್ಬರಿಗೊಬ್ಬರಿಗೆ ಗೊತ್ತಾಗಬಾರದು ಅಂತ ತನ್ನ ಹೆಸರು ಅಳಿಸಿ ಕಳಿಸಿದಳು. ಎಂಟು ತಿಂಗಳ ಮೇಲೆ ಉತ್ತರ ಬಂತು. ಮೊದಲ ರಿವ್ಯೂವರ್: "ಮಳೆಗಾಲದ ಅಂಕಿ ಜಾಸ್ತಿಯಾಯಿತು, ಕತ್ತರಿಸಿ." ಎರಡನೇ ರಿವ್ಯೂವರ್: "ಮಳೆಗಾಲದ ಅಂಕಿ ಸಾಲದು." ಸಂಪಾದಕರು: "ಇಬ್ಬರ ಸಲಹೆಯನ್ನೂ ಪಾಲಿಸಿ."

ಎರಡನೆಯವರು ಆರು ಪ್ರಬಂಧಗಳನ್ನು ಉಲ್ಲೇಖಿಸಲೂ ಹೇಳಿದ್ದರು. ಆರಕ್ಕೂ ಲೇಖಕರು ಒಬ್ಬರೇ! ಯಕ್ಷಗಾನದಲ್ಲಿ ಎಷ್ಟೇ ಬಣ್ಣ ಬಳಿದರೂ ಹೆಜ್ಜೆ ಇಟ್ಟ ಕೂಡಲೇ ಇಂಥವರೇ ಅಂತ ಗೊತ್ತಾಗಿಬಿಡುತ್ತದೆ, ಅಲ್ವಾ?

ಹಾಗಂತ ಲೇಖಕರ ಹೆಸರು ಮುಚ್ಚುವುದು ಸುಮ್ನೆ ಅಲ್ಲ. ಅಮೆರಿಕದ ಪೀಟರ್ಸ್ ಮತ್ತು ಸೆಸಿ 1982ರಲ್ಲಿ ಒಂದು ತಮಾಷೆಯ ಪ್ರಯೋಗ ಪ್ರಕಟಿಸಿದರು. ಮನಶ್ಶಾಸ್ತ್ರದ ಪತ್ರಿಕೆಗಳಲ್ಲಿ ಆಗಲೇ ಅಚ್ಚಾಗಿದ್ದ 12 ಪ್ರಬಂಧಗಳಿಗೆ ಬೇರೆ ಲೇಖಕರ, ಯಾರೂ ಕೇಳಿರದ ಸಂಸ್ಥೆಗಳ ಹೆಸರು ಅಂಟಿಸಿ ಅದೇ ಪತ್ರಿಕೆಗಳಿಗೆ ಮತ್ತೆ ಕಳಿಸಿದ್ದರು. ಗುರುತು ಸಿಕ್ಕಿದ್ದು ಮೂರಕ್ಕೆ. ಉಳಿದ 9ರಲ್ಲಿ 8 ವಾಪಸ್! ಹಳೇ ಮಾಲು ಅಂತ ಅಲ್ಲ, ಸಂಶೋಧನೆಯ ವಿಧಾನವೇ ಸರಿ ಇಲ್ಲ ಅಂತ. ಚೀಲದ ಮೇಲಿನ ಹೆಸರು ಬದಲಾದರೆ ಒಳಗಿನ ಅಡಿಕೆಗೂ ಕೊಳೆ ಬರುತ್ತದೆ.

ಅಂತೂ ಹುಡುಗಿ ಆರನ್ನೂ ಉಲ್ಲೇಖಿಸಿದಳು, ಪ್ರಬಂಧ ಅಚ್ಚಾಯಿತು. ಮೊನ್ನೆ ಅದೇ ಪತ್ರಿಕೆಯಿಂದ ಮೇಲ್: ಕಾಳಿ ಅಳಿವೆಯ ಬಳಚಿನ ಬಗ್ಗೆ ಯಾರೋ ಬರೆದಿದ್ದಾರೆ, ರಿವ್ಯೂ ಮಾಡಿಕೊಡಿ. ರಾತ್ರಿಯೇ ಫೋನ್ ಮಾಡಿದಳು.

"ಮಾವ, ಬರೆದದ್ದೇನೋ ಚಲೋ ಇದ್ದು. ಆದ್ರೆ ನನ್ನ ಪ್ರಬಂಧದ ಹೆಸರೇ ಇಲ್ಲೆ!"