ಸತ್ಯಾಂಶ: ಆಕ್ಷೇಪಣೆ ಹಾಕೋಕೆ ಜಮೀನು ಇರಲೇಬೇಕಾ?

‘ಮಾಸ್ಟರ್ ಪ್ಲಾನ್ ಬಂದರೆ ಮುಗೀತು, ಜಾಗದ ಮಾಲೀಕರು ಬಿಟ್ಟು ಬೇರೆ ಯಾರೂ ಆಕ್ಷೇಪಣೆ ಹಾಕುವಂತಿಲ್ಲ’ ಎಂಬ ಮೆಸೇಜ್ ಬೆಳಗಾವಿಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತದೆ. ಇದು ತಪ್ಪು. ಮಾಸ್ಟರ್ ಪ್ಲಾನ್ ಅಂದರೆ ಊರಿನ ಯಾವ ಜಾಗ ಯಾವ ಬಳಕೆಗೆ ಎಂದು ಗುರುತಿಸುವ ಯೋಜನೆ.

1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 13ನೇ ಕಲಂ ಪ್ರಕಾರ, ಯೋಜನಾ ಪ್ರಾಧಿಕಾರ ಈ ಯೋಜನೆಯ ನಕ್ಷೆ ಮತ್ತು ವರದಿ ಪ್ರಕಟಿಸಿದ ಮೇಲೆ 60 ದಿನ ಸಾರ್ವಜನಿಕರ ಅಭಿಪ್ರಾಯಕ್ಕೆ ಅವಕಾಶ ಇರುತ್ತದೆ. ಯಾರು ಬೇಕಾದರೂ ಬರೆಯಬಹುದು, ಬಾಡಿಗೆ ಮನೆಯವರೂ ಸಹ. ಆದರೆ ಬರವಣಿಗೆಯಲ್ಲೇ ಕೊಡಬೇಕು. ಕಚೇರಿಯಲ್ಲಿ ಜಗಳ ಆಡಿ ಬಂದರೆ ಲೆಕ್ಕಕ್ಕಿಲ್ಲ.

ಏನು ಬರೆಯಬೇಕು? ‘ನಮಗೆ ಅನ್ಯಾಯ’ ಅಂತ ಸುಮ್ನೆ ಬರೆದರೆ ಜಾಸ್ತಿ ಪ್ರಯೋಜನ ಇಲ್ಲ. ಬೆಳಗಾವಿಯ ವಡಗಾವಿ, ಖಾಸಬಾಗದಲ್ಲಿ ಎಷ್ಟೋ ಮನೆಗಳ ಒಳಗೇ ಮಗ್ಗ ಇದೆ ಅಲ್ವಾ? ಅಂಥ ಓಣಿಯನ್ನು ನಕ್ಷೆ ಬರೀ ವಸತಿ ಪ್ರದೇಶ ಎಂದು ತೋರಿಸಿದರೆ ಸರ್ವೆ ನಂಬರ್, ಓಣಿಯ ಹೆಸರು, ಫೋಟೊ ಹಾಕಿ, ಯಾವ ಬದಲಾವಣೆ ಬೇಕು ಎಂದು ಹೇಳಿ. ಸ್ವೀಕೃತಿ ಕೇಳಿ ಪಡೆಯಿರಿ.

ಬಂದ ಅಭಿಪ್ರಾಯಗಳನ್ನು ಪ್ರಾಧಿಕಾರ ಪರಿಶೀಲಿಸಲೇಬೇಕು; ಆದರೆ ಒಪ್ಪಲೇಬೇಕು ಅಂತಿಲ್ಲ. ಕೊನೆಯ ಒಪ್ಪಿಗೆ ಸರ್ಕಾರದ್ದು. ಅವಧಿ ತಪ್ಪಿಹೋದರೆ? ಕನಿಷ್ಠ 10 ವರ್ಷಕ್ಕೊಮ್ಮೆ ಯೋಜನೆ ಪರಿಷ್ಕರಿಸಬೇಕೆಂದು ಅದೇ ಕಾಯ್ದೆ ಹೇಳುತ್ತದೆ, ಆಗ ಮತ್ತೆ ಬರೆಯಬಹುದು.