ವೈದ್ಯ ವಿದ್ಯಾರ್ಥಿಗಳಿಗೆ ನೀತಿ ಪಾಠ: ಕಥೆ ಹೇಳಿ ಕಲಿಸಬೇಕೇ?

ಪರ: ಸೂತ್ರ ಬಾಯಿಗೆ ಬರುತ್ತದೆ, ಕಥೆ ಕಾಡುತ್ತದೆ

ರೋಗಿಯ ಇಚ್ಛೆಗೆ ಬೆಲೆ ಕೊಡು, ಒಳ್ಳೆಯದು ಮಾಡು, ಕೆಡುಕು ಮಾಡಬೇಡ, ನ್ಯಾಯವಾಗಿ ನಡೆದುಕೋ. 1979ರಲ್ಲಿ ಅಮೆರಿಕದ ನೀತಿಶಾಸ್ತ್ರಜ್ಞರಾದ ಬೀಚಮ್ ಮತ್ತು ಚಿಲ್ಡ್ರೆಸ್ ಮುಂದಿಟ್ಟ ಈ ನಾಲ್ಕು ಸೂತ್ರಗಳನ್ನು ನನ್ನ ವಿದ್ಯಾರ್ಥಿಗಳು ನಿದ್ದೆಯಲ್ಲೂ ಹೇಳುತ್ತಾರೆ. ವಾರ್ಡಿಗೆ ಬಂದರೆ ತಬ್ಬಿಬ್ಬು.

ಹಾಗಾಗಿ ನಾನು ಟಸ್ಕೀಗಿಯ ಕಥೆ ಹೇಳುತ್ತೇನೆ. ಅಮೆರಿಕದ ಅಲಬಾಮಾದಲ್ಲಿ ಸಿಫಿಲಿಸ್ ಎಂಬ ಲೈಂಗಿಕ ರೋಗ ಇದ್ದ 399 ಕಪ್ಪು ಜನರಿಗೆ ಸರಿಯಾದ ಚಿಕಿತ್ಸೆ ಕೊಡದೆ, ರೋಗ ಹೇಗೆ ಬೆಳೆಯುತ್ತದೆ ಎಂದು 1932ರಿಂದ 1972ರವರೆಗೆ ಸರ್ಕಾರಿ ವೈದ್ಯರು ನೋಡುತ್ತಾ ಕೂತರು. ಅದನ್ನು ಗುಣಪಡಿಸುವ ಪೆನ್ಸಿಲಿನ್ ಬಂದ ಮೇಲೂ ಕೊಡಲಿಲ್ಲ. ಇಷ್ಟನ್ನು ಮಕ್ಕಳು ಸುಮ್ನೆ ಬರೆದುಕೊಳ್ಳುತ್ತಾರೆ. ನರ್ಸ್ ಯೂನಿಸ್ ರಿವರ್ಸ್ ಬಂದಾಗ ಪೆನ್ನು ನಿಲ್ಲುತ್ತದೆ. ಆಕೆಯೂ ಕಪ್ಪು ಮಹಿಳೆ. ಆ ರೋಗಿಗಳನ್ನು ಕಾರಿನಲ್ಲಿ ತಪಾಸಣೆಗೆ ಕರೆತರುತ್ತಿದ್ದವಳು. ಅವರಿಗೆ ಆಕೆಯ ಮೇಲೆ ತುಂಬಾ ನಂಬಿಕೆ. ಆಕೆ ಕೆಟ್ಟವಳಾ? ನೀವಾಗಿದ್ದರೆ?

ಒಮ್ಮೆ ಈ ಪಾಠ ಮುಗಿದ ಮೇಲೆ ಒಬ್ಬ ಹುಡುಗಿ ಹಿಂದೆ ಉಳಿದಳು. ವಾರ್ಡಿನಲ್ಲಿ ಒಬ್ಬರಿಗೆ ಕ್ಯಾನ್ಸರ್. "ಅಪ್ಪನಿಗೆ ಹೇಳಬೇಡಿ" ಅಂತ ಮಗ ಅಂದಿದ್ದಾನೆ. ಅಪ್ಪ ಇವಳನ್ನೇ ಕೇಳಿದ್ದಾರೆ, "ರಿಪೋರ್ಟ್ ಬಂತಾ ಡಾಕ್ಟ್ರೇ?" ಇವಳು "ಇನ್ನೂ ಇಲ್ಲ" ಅಂದುಬಿಟ್ಟಿದ್ದಾಳೆ. ರಿಪೋರ್ಟ್ ಅವಳ ಕೈಯಲ್ಲೇ ಇತ್ತು.

"ಸಾರ್, ನಾನೂ ಆ ನರ್ಸ್ ಮಾಡಿದ್ದನ್ನೇ ಮಾಡ್ತಿದ್ದೀನಾ?"

ಮಗನನ್ನು ಕೂರಿಸಿಕೊಂಡು ಮಾತಾಡಿದೆವು. ಎಷ್ಟು ತಿಳಿಯಬೇಕು ಅಂತ ಅಪ್ಪನನ್ನೇ ಕೇಳೋಣ ಅಂದೆವು. ಅವನು ಒಪ್ಪಲು ಎರಡು ದಿನ ಹಿಡಿಯಿತು. ಅಪ್ಪ ಹೇಳಿದ್ದು ಇಷ್ಟೇ: "ಪೂರ್ತಿ ಹೇಳಿ. ಬ್ಯಾಂಕಿನ ಕೆಲಸ ಬಾಕಿ ಇದೆ."

ಕಥೆ ಹೇಳಿದರೆ ನಿಯಮ ಮರೆಯುತ್ತಾರೆ ಅನ್ನುವವರು ಒಮ್ಮೆ ನನ್ನ ತರಗತಿಯಲ್ಲಿ ಕೂರಲಿ. ನಿಯಮ ಪುಸ್ತಕದಲ್ಲಿ ಇದ್ದೇ ಇದೆ, ಅದಕ್ಕೆ ಮೇಷ್ಟ್ರು ಯಾಕೆ ಬೇಕು?

ವಿರೋಧ: ಕಣ್ಣೀರಿಗೆ ಅಂಕ ಹೇಗೆ?

ಈ ಕಡೆಯಿಂದ ಬರೆಯಲು ಯಾರೂ ಒಪ್ಪಲಿಲ್ಲವಂತೆ, ನಾನು ಸಿಕ್ಕಿಬಿದ್ದೆ. ಕಥೆ ನನಗೂ ಇಷ್ಟವೇ.

ಆದರೂ ಕಥೆಗೆ ಒಬ್ಬರೇ ನಾಯಕರು. ಆಸ್ಪತ್ರೆಯಲ್ಲಿ ಹಾಗಲ್ಲ, ಅಲ್ವಾ? ವೆಂಟಿಲೇಟರ್ ಒಂದು, ಕಾಯುವವರು ಮೂವರು. ಯಾರ ಕಥೆ ಕರುಳು ಹಿಂಡುತ್ತದೋ ಅವರಿಗೆ ಕೊಡೋದಾ? 1960ರ ದಶಕದ ಆರಂಭದಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಡಯಾಲಿಸಿಸ್ ಯಂತ್ರಗಳು ಸಾಲದೇ ಇದ್ದಾಗ, ಯಾರಿಗೆ ಕೊಡಬೇಕೆಂದು ಆರಿಸಲು ಒಂದು ಸಮಿತಿ ಕೂತಿತ್ತು. ಅದು ನೋಡಿದ್ದು ಸಂಸಾರ, ಕೆಲಸ, ಆದಾಯ, ಚರ್ಚಿನ ನಂಟು. ಅಂದರೆ ರೋಗಿಯ ಕಥೆಯನ್ನೇ. ಒಳ್ಳೆಯ ಕಥೆ ಇಲ್ಲದವರ ಗತಿ ಏನು?

ಟಸ್ಕೀಗಿಯ ಮಾತು ಬಂತು. ಅಂಥದ್ದು ಮತ್ತೆ ಆಗದಂತೆ ಬೇಲಿ ಹಾಕಿದ್ದು ಕಥೆಯಲ್ಲ, ಅಮೆರಿಕದ 1974ರ ಸಂಶೋಧನಾ ಕಾನೂನು, ಮನುಷ್ಯರ ಮೇಲಿನ ಸಂಶೋಧನೆಗೆ ನೀತಿಸೂತ್ರ ಕೊಟ್ಟ 1979ರ ಬೆಲ್ಮಾಂಟ್ ವರದಿ. ಎರಡೂ ಓದಲು ಬೋರು. ಇರಲಿ.

ಪರ ಬರೆದವರನ್ನು ಕೇಳಿದರೆ ಎರಡು ಹನಿ ಕಣ್ಣೀರು ಬಂದ ಕೂಡಲೇ ಡಾಕ್ಟರ್ ತಯಾರು! ಅವರು ಹೇಳಿದ ಆ ಅಪ್ಪನ ವಿಷಯ ಈಗ ನಮಗೆಲ್ಲ ಗೊತ್ತಾಯಿತು. ಹೇಳುವ ಮೊದಲು ಅವರನ್ನು ಕೇಳಿದ್ದರೋ? ಹೆಸರು ಬಿಟ್ಟರೆ ಸಾಕೇ?

ಇನ್ನು ಪರೀಕ್ಷೆ. "ಈ ಕಥೆ ಓದಿ ನಿಮಗೇನನ್ನಿಸಿತು" ಅಂತ ಕೇಳಿದರೆ ಚೆನ್ನಾಗಿ ಬರೆಯುವವರಿಗೆ ಜಾಸ್ತಿ ಅಂಕ, ಚೆನ್ನಾಗಿ ನಡೆದುಕೊಳ್ಳುವವರಿಗಲ್ಲ. ನನಗೆ ಒಂದು ಗಂಟೆ ಕೊಟ್ಟರೆ ನಿಜವಾದ ಕೇಸ್ ಇಟ್ಟುಕೊಂಡು ಚರ್ಚೆ ಮಾಡಿಸುತ್ತೇನೆ. ಅದೂ ಕಥೆಯೇ ಅಂತೀರಾ? ಅಂದುಕೊಳ್ಳಿ.