‘ಇರಬಹುದು’ ಎಂಬುದನ್ನು ಅಳಿಸಿದವರು

ಇಂದು ಬೆಳಿಗ್ಗೆ ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಚಿಕ್ಕಮ್ಮ ಯಾರದೋ ಧ್ವನಿ ಸಂದೇಶವೊಂದನ್ನು ಹಾಕಿ, ದಡಾರದ ಲಸಿಕೆಯಿಂದ ಆಟಿಸಂ ಬರುತ್ತದಂತೆ, ಮಗುವಿಗೆ ಹಾಕಿಸುವ ಮುನ್ನ ಯೋಚಿಸು ಎಂದು ನನ್ನ ತಂಗಿಗೆ ಬರೆದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಮೊಮ್ಮಗುವಿನ ಮೇಲಿನ ಅಕ್ಕರೆಯಿಂದಲೇ ಬರೆದಿದ್ದಾರೆ. ಸಿಟ್ಟೆಲ್ಲ ಆ ಮಾತನ್ನು ಮೊದಲು ಊರೆಲ್ಲ ಹರಡಿದವರ ಮೇಲೆ, ಅಂದರೆ ಪತ್ರಿಕೆ, ಟಿವಿಗಳಲ್ಲಿದ್ದ ನಮ್ಮಂಥವರ ಮೇಲೆ.

1998ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಪತ್ರಿಕೆ ‘ಲ್ಯಾನ್ಸೆಟ್’ನಲ್ಲಿ ವೈದ್ಯ ಆ್ಯಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಬಂಧದಲ್ಲಿ ಇದ್ದದ್ದು 12 ಮಕ್ಕಳ ವಿವರ. ದಡಾರ, ಮಂಗನಬಾವು, ರುಬೆಲ್ಲಾ ಮೂರನ್ನೂ ತಡೆಯುವ ಎಂಎಂಆರ್ ಲಸಿಕೆಗೂ ತಾವು ಕಂಡ ತೊಂದರೆಗೂ ಸಂಬಂಧವಿದೆಯೆಂದು ತಾವು ಸಾಬೀತುಪಡಿಸಿಲ್ಲ ಎಂದು ಆ ಪ್ರಬಂಧವೇ ಹೇಳಿತ್ತು. ಆ ಒಂದು ವಾಕ್ಯ ಓದುಗರನ್ನು ತಲುಪಲಿಲ್ಲ. ಪತ್ರಿಕಾಗೋಷ್ಠಿಯಲ್ಲಿ ವೇಕ್‌ಫೀಲ್ಡ್ ಎತ್ತಿದ ಶಂಕೆಯೇ ವರ್ಷಗಟ್ಟಲೆ ತಲೆಬರಹವಾಯಿತು. ಲ್ಯಾನ್ಸೆಟ್ ಆ ಪ್ರಬಂಧವನ್ನು ಹಿಂತೆಗೆದುಕೊಂಡದ್ದು 2010ರಲ್ಲಿ. ಹೆದರಿದ ಹೆತ್ತವರಲ್ಲಿ ಅನೇಕರು ಲಸಿಕೆ ಹಾಕಿಸದೆ, ಅದಕ್ಕೂ ಮೊದಲೇ, 2008ರಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ದಡಾರ ಮತ್ತೆ ನೆಲೆಯೂರಿದೆಯೆಂದು ಅಲ್ಲಿನ ಆರೋಗ್ಯಾಧಿಕಾರಿಗಳು ಘೋಷಿಸಬೇಕಾಯಿತು. 2019ರಲ್ಲಿ ಡೆನ್ಮಾರ್ಕಿನ ಸಂಶೋಧಕರು 6,57,461 ಮಕ್ಕಳ ದಾಖಲೆಗಳನ್ನು ಪರಿಶೀಲಿಸಿ, ಈ ಲಸಿಕೆಯಿಂದ ಆಟಿಸಂನ ಅಪಾಯ ಹೆಚ್ಚುವುದಿಲ್ಲವೆಂದು ತಿಳಿಸಿದರು. ಆ ಸುದ್ದಿ ನಮ್ಮ ಚಿಕ್ಕಮ್ಮನನ್ನು ಇನ್ನೂ ಮುಟ್ಟಿಲ್ಲ.

ನಾನು ಪತ್ರಿಕೆಯ ಸುದ್ದಿ ಡೆಸ್ಕಿನಲ್ಲಿ ಎಷ್ಟು ವರ್ಷ ಕಳೆದೆನೆಂಬುದು ನಿಮಗೆಲ್ಲ ಗೊತ್ತು. ಗೊತ್ತಿಲ್ಲದ್ದನ್ನು ಹೇಳುತ್ತೇನೆ: ವಿಜ್ಞಾನದ ಸುದ್ದಿಗೆ ತಲೆಬರಹ ಕೊಡುವಾಗ ‘ಇರಬಹುದು’ ಎಂಬುದನ್ನು ‘ಇದೆ’ ಎಂದು ನಾನೇ ತಿದ್ದಿದ್ದೇನೆ. ಕಾಲಂನಲ್ಲಿ ಜಾಗವಿಲ್ಲ ಎಂಬುದು ನೆಪ. ಅನುಮಾನದ ಮಾತನ್ನು ಯಾರೂ ಓದುವುದಿಲ್ಲ ಎಂಬ ಭಯವೇ ನಿಜವಾದ ಕಾರಣ. ಇಲಿಗಳ ಮೇಲೆ ನಡೆದ ಪ್ರಯೋಗವನ್ನು ರೋಗಕ್ಕೆ ಮದ್ದೇ ಸಿಕ್ಕಿತೆಂಬಂತೆ ಬರೆದು, ಮುಂದೊಂದು ದಿನ ಬೇರೆ ಫಲಿತಾಂಶ ಬಂದಾಗ ವಿಜ್ಞಾನಿಗಳು ಮಾತು ಬದಲಿಸಿದರೆಂದು ಓದುಗರು ಬೇಸತ್ತರೆ ತಪ್ಪು ಯಾರದು? ವಿಜ್ಞಾನಿಗಳ ಮಾತನ್ನು ಅರ್ಧಕ್ಕೆ ಕತ್ತರಿಸಿ ಬಡಿಸಿದ್ದು ನಾವು.

ಮಾಧ್ಯಮ ಹೊಸದಾದಾಗಲೆಲ್ಲ ಹೀಗೆಯೇ, ಜನ ಕ್ರಮೇಣ ಕಲಿಯುತ್ತಾರೆ ಎಂದು ಗೆಳೆಯರೊಬ್ಬರು ಸಮಾಧಾನ ಹೇಳಿದರು. ಒಂದು ಸೆಂಟಿನ ಪತ್ರಿಕೆಗಳು ಹೊಸದಾಗಿದ್ದ 1835ರಲ್ಲಿ ನ್ಯೂಯಾರ್ಕಿನ ‘ಸನ್’, ಖಗೋಳವಿಜ್ಞಾನಿ ಜಾನ್ ಹರ್ಷೆಲ್ ಚಂದ್ರನ ಮೇಲೆ ಬಾವಲಿಯಂಥ ರೆಕ್ಕೆಯ ಮನುಷ್ಯರನ್ನು ಕಂಡರೆಂದು ಬರೆದದ್ದು ನಿಜ, ಅನೇಕರು ನಂಬಿದ್ದೂ ನಿಜ. ಆದರೆ ಆ ಕಟ್ಟುಕಥೆಯಿಂದ ಯಾವ ಮಗುವೂ ಹಾಸಿಗೆ ಹಿಡಿಯಲಿಲ್ಲ. ಜನ ಕಲಿಯುವವರೆಗೆ ದಡಾರ ಕಾಯುತ್ತದೆಯೇ?

ಗುಂಪಿನಲ್ಲಿ ಉತ್ತರಿಸದೆ ಚಿಕ್ಕಮ್ಮನಿಗೆ ಫೋನ್ ಮಾಡಿ ಇದನ್ನೆಲ್ಲ ನಿಧಾನವಾಗಿ ವಿವರಿಸಿದೆ. ಎಲ್ಲವನ್ನೂ ಕೇಳಿಸಿಕೊಂಡು ಅವರು, “ಹಾಗಾದರೆ ಆಗ ಪೇಪರಿನಲ್ಲಿ ಯಾಕೆ ಹಾಗೆ ಹಾಕಿದಿರಿ?” ಎಂದರು. ನಮ್ಮದೇ ತಪ್ಪು ಚಿಕ್ಕಮ್ಮ, ಎಂದೆ.